ಹವ್ಯಾಸಿ ವಿಜ್ಞಾನಿ ಸರ್ ಸಿ. ವಿ. ರಾಮನ್

ವಿಜ್ಞಾನವೆಂದರೆ ಭಾರಿ ಕಟ್ಟಡಗಳು, ಬೆಲೆಬಾಳುವ ಯಂತ್ರೋಪಕರಣಗಳು, ಅವುಗಳ ನಡುವೆ ಬಿಳಿಯ ನಿಲುವಂಗಿ ತೊಟ್ಟು ಓಡಾಡುವ ಪಂಡಿತರು ಎಂಬ ಭಾವನೆ ಜನಸಾಮಾನ್ಯರಲ್ಲಿ ಬೇರೂರಿದೆ. ಇಂತಹ ಸೌಕರ್ಯಗಳು ಒದಗಿದಾಗ ಸಂಶೋಧನೆ ಸುಗಮವಾಗುತ್ತದೆ ಎಂಬುದು ನಿಜ. ಆದರೆ ಪ್ರಕೃತಿಯನ್ನು ಪ್ರಶ್ನಿಸುವ ಕುತೂಹಲ ಮೊದಲು ಹುಟ್ಟಬೇಕು. ಉಪಕರಣಗಳು ಅದರ ಹಿಂದೆ ಬರುತ್ತವೆ. ಸರ್ಕಾರದ ಲೆಕ್ಕಪತ್ರ ಇಲಾಖೆಯಲ್ಲಿ ಹತ್ತು ವರ್ಷಗಳ ಕಾಲ ಅಧಿಕಾರಿಯಾಗಿ ದುಡಿಯುತ್ತಲೇ ಬೆಳಗಿನ ಮತ್ತು ಸಂಜೆಯ ಬಿಡುವಿನ ವೇಳೆಯನ್ನು ಪ್ರಯೋಗಗಳಿಗೆ ಮೀಸಲಿಟ್ಟ ಒಬ್ಬ ತರುಣನ ಜೀವನ ಈ ಮಾತಿಗೆ ಉಜ್ವಲ ನಿದರ್ಶನವಾಗಿದೆ. ಆ ತರುಣನೇ ಮುಂದೆ ವಿಶ್ವವಿಖ್ಯಾತರಾದ ಸರ್ ಚಂದ್ರಶೇಖರ ವೆಂಕಟರಾಮನ್.

ರಾಮನ್ 1888ರ ನವೆಂಬರ್ 7ರಂದು ತಮಿಳುನಾಡಿನ ತಿರುಚಿರಾಪಳ್ಳಿಯ ಬಳಿ ಜನಿಸಿದರು. ತಂದೆ ಚಂದ್ರಶೇಖರ ಅಯ್ಯರ್. ತಾಯಿ ಪಾರ್ವತಿ ಅಮ್ಮಾಳ್. ತಂದೆಯವರು ವಿಶಾಖಪಟ್ಟಣದ ಕಾಲೇಜಿನಲ್ಲಿ ಉಪನ್ಯಾಸಕರಾದುದರಿಂದ ಬಾಲಕನ ವಿದ್ಯಾಭ್ಯಾಸ ಅಲ್ಲಿಯೇ ನಡೆಯಿತು. ಮನೆಯಲ್ಲಿ ಸಂಪತ್ತು ಇರಲಿಲ್ಲ. ಪುಸ್ತಕಗಳು ಇದ್ದವು, ಸಂಗೀತವಿತ್ತು. ತಂದೆಯವರು ಪಿಟೀಲು ನುಡಿಸುತ್ತಿದ್ದರು. ತಂತಿಯ ಮೇಲೆ ಕಮಾನು ಹರಿದಾಗ ಹೊಮ್ಮುವ ನಾದ ಬಾಲಕನ ಕಿವಿಗೆ ಇಂಪಾಗಿ ಕೇಳಿದ್ದಷ್ಟೇ ಅಲ್ಲ, ಅದು ಹೇಗೆ ಹುಟ್ಟುತ್ತದೆ ಎಂಬ ಪ್ರಶ್ನೆಯನ್ನೂ ಮನಸ್ಸಿನಲ್ಲಿ ಬಿತ್ತಿತು. ಶಾಲೆಯಲ್ಲಿ ಓದುತ್ತಿದ್ದಾಗಲೇ ರಾಮನ್ ತಮ್ಮ ಕೈಯಿಂದಲೇ ಒಂದು ಸಣ್ಣ ಡೈನಮೊ ತಯಾರಿಸಿದರಂತೆ. ಅಯಸ್ಕಾಂತದ ಧ್ರುವಗಳ ನಡುವೆ ತಾಮ್ರದ ತಂತಿಯ ಸುರುಳಿಯನ್ನು ತಿರುಗಿಸಿದರೆ ಆ ತಂತಿಯಲ್ಲಿ ವಿದ್ಯುತ್ತು ಹರಿಯುತ್ತದೆ. ಇದು ಪುಸ್ತಕದಲ್ಲಿ ಓದಿ ಬಿಡಬಹುದಾದ ವಿಷಯ. ಅದನ್ನು ಮಾಡಿ ನೋಡಬೇಕೆಂಬ ಹಂಬಲವೇ ಈ ಬಾಲಕನ ವಿಶೇಷ. ಪುಸ್ತಕದಲ್ಲಿ ಕಂಡದ್ದನ್ನು ಕೈಯಲ್ಲಿ ಪರೀಕ್ಷಿಸುವ ಈ ಅಭ್ಯಾಸ ಅವರನ್ನು ಕೊನೆಯವರೆಗೂ ಬಿಡಲಿಲ್ಲ.

ಹನ್ನೊಂದನೆಯ ವಯಸ್ಸಿನಲ್ಲಿಯೇ ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ತೇರ್ಗಡೆಯಾದ ರಾಮನ್, ಮುಂದೆ ಮದರಾಸಿನ ಪ್ರೆಸಿಡೆನ್ಸಿ ಕಾಲೇಜನ್ನು ಸೇರಿದರು. 1904ರಲ್ಲಿ ಬಿ.ಎ. ಪದವಿಯನ್ನು ಪ್ರಥಮ ಸ್ಥಾನದೊಂದಿಗೆ ಪಡೆದರು. ಎಂ.ಎ. ತರಗತಿಯಲ್ಲಿ ಓದುತ್ತಿದ್ದಾಗ ವರ್ಣಪಟಲಮಾಪಕವನ್ನು ಬಳಸುವ ಸಂದರ್ಭದಲ್ಲಿ ಬೆಳಕಿನ ಪಟ್ಟೆಗಳು ಎರಡು ಪಕ್ಕಗಳಲ್ಲಿ ಒಂದೇ ಸಮನಾಗಿಲ್ಲದಿರುವುದು ಅವರ ಕಣ್ಣಿಗೆ ಬಿತ್ತು. ಇತರರು ಗಮನಿಸದೆ ಬಿಡಬಹುದಾಗಿದ್ದ ಈ ಸಣ್ಣ ವ್ಯತ್ಯಾಸವನ್ನು ಅವರು ಬೆನ್ನುಹತ್ತಿದರು. ತಾವು ಕಂಡುದನ್ನು ಒಂದು ಲೇಖನವಾಗಿ ಬರೆದು ಇಂಗ್ಲೆಂಡಿನ ಫಿಲಾಸಫಿಕಲ್ ಮ್ಯಾಗಜೀನ್ ಎಂಬ ಪತ್ರಿಕೆಗೆ ಕಳುಹಿಸಿದರು. 1906ರಲ್ಲಿ ಅದು ಅಚ್ಚಾಯಿತು. ಆಗ ಅವರ ವಯಸ್ಸು ಹದಿನೆಂಟು.

ಇಂತಹ ಪ್ರತಿಭಾವಂತ ವಿದ್ಯಾರ್ಥಿ ಉನ್ನತ ವ್ಯಾಸಂಗಕ್ಕಾಗಿ ಇಂಗ್ಲೆಂಡಿಗೆ ತೆರಳುವುದು ಅಂದಿನ ವಾಡಿಕೆಯಾಗಿತ್ತು. ಆದರೆ ರಾಮನ್ ಅವರ ದೇಹಸ್ಥಿತಿ ಅಲ್ಲಿನ ಚಳಿಯನ್ನು ತಾಳಲಾರದೆಂದು ವೈದ್ಯರು ಅಭಿಪ್ರಾಯಪಟ್ಟರು. ವಿಜ್ಞಾನವನ್ನೇ ನಂಬಿ ಬದುಕಬಹುದಾದ ಅವಕಾಶಗಳು ನಮ್ಮ ದೇಶದಲ್ಲಿ ಆಗ ವಿರಳವಾಗಿದ್ದವು. ಆದುದರಿಂದ ರಾಮನ್ 1907ರಲ್ಲಿ ಸರ್ಕಾರದ ಹಣಕಾಸು ಇಲಾಖೆಯ ಸ್ಪರ್ಧಾ ಪರೀಕ್ಷೆಗೆ ಕುಳಿತು ಮೊದಲಿಗರಾಗಿ ಆಯ್ಕೆಯಾದರು. ಅದೇ ವರ್ಷ ಲೋಕಸುಂದರಿಯವರೊಡನೆ ಅವರ ವಿವಾಹವಾಯಿತು. ಸಹಾಯಕ ಮಹಾಲೇಖಪಾಲರಾಗಿ ನೇಮಕಗೊಂಡು ದಂಪತಿಗಳು ಕಲ್ಕತ್ತೆಗೆ ತೆರಳಿದರು. ಒಳ್ಳೆಯ ಸಂಬಳ, ಸಮಾಜದಲ್ಲಿ ಗೌರವ, ಭದ್ರವಾದ ಭವಿಷ್ಯ ಎಲ್ಲವೂ ಕೈಸೇರಿದ್ದವು. ವಿಜ್ಞಾನದ ಕನಸು ಅಲ್ಲಿಗೆ ಮುಗಿಯಿತೆಂದು ಯಾರಾದರೂ ಭಾವಿಸಿದ್ದರೆ ಅದರಲ್ಲಿ ಆಶ್ಚರ್ಯವೇನೂ ಇರಲಿಲ್ಲ.

ಆದರೆ ನಡೆದದ್ದು ಬೇರೆ. ಒಂದು ದಿನ ಕಚೇರಿಗೆ ಹೋಗಿಬರುವ ದಾರಿಯಲ್ಲಿ, ಕಲ್ಕತ್ತೆಯ ಬೌಬಜಾರ್ ಬೀದಿಯಲ್ಲಿ, ರಾಮನ್ ಒಂದು ನಾಮಫಲಕವನ್ನು ಕಂಡರು. ಅದು ಭಾರತೀಯ ವಿಜ್ಞಾನ ಸಂವರ್ಧನ ಸಂಘದ ಫಲಕ. ಡಾ. ಮಹೇಂದ್ರಲಾಲ್ ಸರ್ಕಾರ್ ಎಂಬ ದೂರದೃಷ್ಟಿಯ ವೈದ್ಯರು ಭಾರತೀಯರು ತಾವೇ ಸಂಶೋಧನೆ ನಡೆಸಬೇಕೆಂಬ ಆಸೆಯಿಂದ 1876ರಲ್ಲಿ ಆ ಸಂಸ್ಥೆಯನ್ನು ಸ್ಥಾಪಿಸಿದ್ದರು. ಕಟ್ಟಡವಿತ್ತು, ಒಂದಿಷ್ಟು ಉಪಕರಣಗಳೂ ಇದ್ದವು. ಅವುಗಳನ್ನು ಬಳಸಿ ಸಂಶೋಧನೆ ಮಾಡುವವರು ಮಾತ್ರ ಇರಲಿಲ್ಲ. ಸ್ಥಾಪಕರ ಮಗ ಅಮೃತಲಾಲ್ ಸರ್ಕಾರ್ ಅವರು ಈ ತರುಣ ಅಧಿಕಾರಿಯನ್ನು ಸಂತೋಷದಿಂದ ಬರಮಾಡಿಕೊಂಡು ಪ್ರಯೋಗಶಾಲೆಯ ಬಾಗಿಲನ್ನು ತೆರೆದುಕೊಟ್ಟರು.

ಅಂದಿನಿಂದ ರಾಮನ್ ಅವರ ದಿನಚರಿಯೇ ಬದಲಾಯಿತು. ನಸುಕಿನಲ್ಲಿಯೇ ಎದ್ದು ಪ್ರಯೋಗಶಾಲೆಗೆ ಹೋಗುವರು. ಕಚೇರಿಯ ವೇಳೆ ಸಮೀಪಿಸಿದಾಗ ಮನೆಗೆ ಧಾವಿಸಿ, ಸ್ನಾನ ಊಟಗಳನ್ನು ಅವಸರದಲ್ಲಿ ಮುಗಿಸಿ ಕಚೇರಿ ಸೇರುವರು. ಸಂಜೆ ಐದು ಗಂಟೆಗೆ ಕಡತಗಳನ್ನು ಕಟ್ಟಿಟ್ಟು ನೇರವಾಗಿ ಮತ್ತೆ ಪ್ರಯೋಗಶಾಲೆಗೆ ಬಂದರೆ ಮನೆ ಸೇರುವಾಗ ರಾತ್ರಿ ಒಂಬತ್ತೋ ಹತ್ತೋ ಆಗಿರುತ್ತಿತ್ತು. ಭಾನುವಾರವಾದರೆ ಇಡೀ ದಿನ ಅಲ್ಲಿಯೇ. ಇದಕ್ಕಾಗಿ ಅವರಿಗೆ ಯಾರೂ ಕೂಲಿ ಕೊಡುತ್ತಿರಲಿಲ್ಲ. ಮಾಡೆಂದು ಯಾರೂ ಒತ್ತಾಯಿಸಿಯೂ ಇರಲಿಲ್ಲ. ಆಶುತೋಷ್ ಡೇ ಎಂಬ ಸಹಾಯಕರೊಬ್ಬರು ಅವರ ಜೊತೆಗಾರರಾಗಿದ್ದರು. ಕಾಲೇಜಿನ ಮೆಟ್ಟಿಲು ಹತ್ತದಿದ್ದ ಆಶು ಬಾಬು ಅವರ ಕೈಚಳಕವನ್ನು ಮೆಚ್ಚಿದ ರಾಮನ್, ವಿದೇಶಿ ಪತ್ರಿಕೆಗಳಲ್ಲಿ ಅಚ್ಚಾದ ಲೇಖನಗಳಲ್ಲಿ ತಮ್ಮ ಹೆಸರಿನ ಜೊತೆಗೆ ಅವರ ಹೆಸರನ್ನೂ ಸೇರಿಸಿದರು. ನಡುವೆ ರಂಗೂನಿಗೂ ನಾಗಪುರಕ್ಕೂ ವರ್ಗವಾದಾಗ ರಾಮನ್ ಎದೆಗುಂದಲಿಲ್ಲ. ವಾಸದ ಮನೆಯ ಒಂದು ಭಾಗವನ್ನೇ ಪ್ರಯೋಗಶಾಲೆಯಾಗಿ ಮಾರ್ಪಡಿಸಿಕೊಂಡು ಕೆಲಸ ಮುಂದುವರಿಸಿದರು. 1911ರಲ್ಲಿ ಅವರು ಮತ್ತೆ ಕಲ್ಕತ್ತೆಗೆ ಬಂದರು.

ಆ ಕಾಲದಲ್ಲಿ ಅವರನ್ನು ಸೆಳೆದ ವಿಷಯಗಳಲ್ಲಿ ನಾದವು ಮುಖ್ಯವಾದುದು. ಪಿಟೀಲು, ವೀಣೆ, ತಂಬೂರಿ, ಮೃದಂಗ, ತಬಲಗಳು ಸಂಗೀತಗಾರರ ವಾದ್ಯಗಳಾಗಿದ್ದಂತೆಯೇ ರಾಮನ್ ಅವರ ಪಾಲಿಗೆ ವಿಜ್ಞಾನದ ಉಪಕರಣಗಳೂ ಆದವು. ಮನುಷ್ಯನ ಕೈ ಕಮಾನನ್ನು ಎಳೆಯುವಾಗ ವೇಗವೂ ಒತ್ತಡವೂ ಕ್ಷಣಕ್ಷಣಕ್ಕೂ ಬದಲಾಗುತ್ತವೆ. ಆದುದರಿಂದ ಅವರು ಪಿಟೀಲು ನುಡಿಸುವ ಒಂದು ಯಂತ್ರವನ್ನೇ ಸಂಘದ ಕಾರ್ಯಾಗಾರದಲ್ಲಿ ನಿರ್ಮಿಸಿಕೊಂಡರು. ಅದರಲ್ಲಿ ಕಮಾನು ನಿಶ್ಚಲವಾಗಿರುತ್ತಿತ್ತು. ಪಿಟೀಲೇ ಒಂದೇ ವೇಗದಲ್ಲಿ ಹಿಂದೆ ಮುಂದೆ ಚಲಿಸುತ್ತಿತ್ತು. ತಂಬೂರಿಯ ಕುದುರೆಯ ಮೇಲೆ ಜೀವಾಳವೆಂಬ ದಾರದ ಎಳೆಯನ್ನು ಸರಿಸಿದಾಗ ನಾದ ಏಕೆ ತುಂಬಿಕೊಳ್ಳುತ್ತದೆ ಎಂಬುದನ್ನೂ ಅವರು ಪರಿಶೀಲಿಸಿದರು.

ಮೃದಂಗದ ವಿಚಾರದಲ್ಲಿ ಅವರು ಕಂಡುಕೊಂಡ ಸಂಗತಿ ಇನ್ನೂ ಸ್ವಾರಸ್ಯಕರವಾಗಿದೆ. ಸಾಮಾನ್ಯ ನಗಾರಿಯನ್ನು ಬಡಿದಾಗ ಹುಟ್ಟುವ ಅನೇಕ ಧ್ವನಿಗಳ ನಡುವೆ ಹೊಂದಾಣಿಕೆ ಇರುವುದಿಲ್ಲ. ಆದುದರಿಂದ ಅದು ಬರಿಯ ಸದ್ದಾಗಿ ಕೇಳಿಸುತ್ತದೆ. ಮೃದಂಗದ ಬಲಮುಖದ ನಡುವೆ ಹಚ್ಚುವ ಕಪ್ಪು ಕರಣೆಯು ಚರ್ಮದ ಕಂಪನಗಳನ್ನು ತಿದ್ದುತ್ತದೆ. ಆಗ ಮೂಲಸ್ವರಕ್ಕೂ ಅದರ ಮೇಲಿನ ಸ್ವರಗಳಿಗೂ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಎಂಬ ಸರಳ ಸಂಬಂಧ ಏರ್ಪಟ್ಟು ವಾದ್ಯ ಶ್ರುತಿಬದ್ಧವಾಗುತ್ತದೆ. ಈ ಕಂಪನಗಳನ್ನು ಕಣ್ಣಿಗೆ ಕಾಣಿಸಲು ರಾಮನ್ ಬಳಸಿದ್ದು ನುಣುಪಾದ ಮರಳು. ಮರಳನ್ನು ಚರ್ಮದ ಮೇಲೆ ಉದುರಿಸಿ ವಾದ್ಯವನ್ನು ನುಡಿಸಿದರೆ, ಕಂಪಿಸುವ ಭಾಗಗಳಿಂದ ಹಾರಿದ ಮರಳು ಅಲುಗದ ಗೆರೆಗಳ ಮೇಲೆ ನಿಂತು ಚಿತ್ರ ಬರೆಯುತ್ತದೆ. ಹೆಸರಿಲ್ಲದ ನಮ್ಮ ಪೂರ್ವಿಕ ಕುಶಲಕರ್ಮಿಗಳು ಕಿವಿಯೊಂದನ್ನೇ ನಂಬಿ ಸಾಧಿಸಿದ್ದ ಸೂಕ್ಷ್ಮವನ್ನು ರಾಮನ್ 1920ರಲ್ಲಿ ವಿಜ್ಞಾನಲೋಕದ ಮುಂದಿಟ್ಟರು.

ಇಷ್ಟರಲ್ಲಿ ಅವರ ಬಾಳಿನಲ್ಲಿ ಕಠಿಣವಾದ ಆಯ್ಕೆಯೊಂದು ಎದುರಾಗಿತ್ತು. ಕಲ್ಕತ್ತ ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದ ಸರ್ ಆಶುತೋಷ ಮುಖರ್ಜಿಯವರು ತಾರಕನಾಥ ಪಾಲಿತ್ ಅವರ ದತ್ತಿಯಿಂದ ಏರ್ಪಟ್ಟಿದ್ದ ಭೌತವಿಜ್ಞಾನ ಪ್ರಾಧ್ಯಾಪಕ ಪೀಠವನ್ನು ಅಲಂಕರಿಸಲು ರಾಮನ್ ಅವರನ್ನು ಆಹ್ವಾನಿಸಿದರು. ಆ ಹುದ್ದೆಗೆ ವಿದೇಶದಲ್ಲಿ ತರಬೇತಿ ಪಡೆದಿರಬೇಕೆಂಬ ನಿಯಮವಿತ್ತು. ವಿದೇಶಕ್ಕೆ ಹೋಗಿ ಕಲಿತು ಬರಲು ರಾಮನ್ ಒಪ್ಪಲಿಲ್ಲ. ಕೊನೆಗೆ ನಿಯಮವನ್ನೇ ಸಡಿಲಿಸಬೇಕಾಯಿತು. ಸಂಬಳವಾದರೋ ಸರ್ಕಾರಿ ಹುದ್ದೆಯದರ ಅರ್ಧದಷ್ಟು ಮಾತ್ರ. ಇಲಾಖೆಯಲ್ಲಿ ಇನ್ನೂ ಮೇಲೇರುವ ದಾರಿ ಅವರ ಮುಂದೆ ತೆರೆದಿತ್ತು. ಸಂಸಾರದ ಹೊಣೆಯೂ ಹೆಗಲ ಮೇಲಿತ್ತು. ಆದರೂ 1917ರಲ್ಲಿ ರಾಮನ್ ಅಧಿಕಾರವನ್ನು ತೊರೆದು ಅಧ್ಯಾಪನವನ್ನು ಆರಿಸಿಕೊಂಡರು. ಹತ್ತು ವರ್ಷಗಳ ಹವ್ಯಾಸ ಅವರ ಜೀವನದ ವೃತ್ತಿಯಾಯಿತು.

1921ರಲ್ಲಿ ರಾಮನ್ ಮೊದಲ ಬಾರಿಗೆ ಸಮುದ್ರ ದಾಟಿ ಇಂಗ್ಲೆಂಡಿಗೆ ಹೋದರು. ಹಿಂದಿರುಗುವಾಗ ನಾರ್ಕುಂಡ ಎಂಬ ಹಡಗಿನ ಮೇಲಟ್ಟದಲ್ಲಿ ನಿಂತು ನೋಡಿದರೆ ಮೆಡಿಟರೇನಿಯನ್ ಸಮುದ್ರದ ಗಾಢ ನೀಲಿ ಅವರ ಮನಸ್ಸನ್ನು ಸೂರೆಗೊಂಡಿತು. ಆಕಾಶದ ನೀಲಿ ನೀರಿನಲ್ಲಿ ಪ್ರತಿಬಿಂಬಿಸುವುದರಿಂದ ಕಡಲು ನೀಲಿಯಾಗಿ ಕಾಣುತ್ತದೆಂದು ಪ್ರಸಿದ್ಧ ವಿಜ್ಞಾನಿ ಲಾರ್ಡ್ ರ‍್ಯಾಲೆ ವಿವರಿಸಿದ್ದರು. ರಾಮನ್ ಅವರ ಬಳಿ ನಿಕಾಲ್ ಪಟ್ಟಕವೆಂಬ ಪುಟ್ಟ ಸಾಧನವಿತ್ತು. ನೀರಿನ ಮೇಲ್ಮೈಯಿಂದ ಒಂದು ನಿರ್ದಿಷ್ಟ ಕೋನದಲ್ಲಿ ಪ್ರತಿಫಲಿಸಿ ಬರುವ ಬೆಳಕನ್ನು ಅದು ತಡೆಯಬಲ್ಲುದು. ಅದರ ಮೂಲಕ ನೋಡಿದಾಗ ಆಕಾಶದ ಪ್ರತಿಬಿಂಬ ಮಾಯವಾಯಿತು. ಕಡಲಿನ ನೀಲಿ ಮಾತ್ರ ಹೋಗಲಿಲ್ಲ, ಇನ್ನೂ ನಿಚ್ಚಳವಾಯಿತು. ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತಿವೆ ಎಂಬ ನಿರ್ಣಯಕ್ಕೆ ಅವರು ಬಂದರು. ಹಡಗು ಮುಂಬಯಿ ಬಂದರನ್ನು ಮುಟ್ಟಿದೊಡನೆ ಈ ವಿಚಾರವಾಗಿ ನೇಚರ್ ಪತ್ರಿಕೆಗೆ ಪತ್ರ ಬರೆದರು. ಜೇಬಿನಲ್ಲಿ ಹಿಡಿಸುವ ಒಂದು ಹರಳಿನ ತುಣುಕು ಒಬ್ಬ ಮಹಾವಿಜ್ಞಾನಿಯ ಅಭಿಪ್ರಾಯವನ್ನು ತಿದ್ದಿತ್ತು.

ಅಲ್ಲಿಂದ ಮುಂದೆ ಏಳು ವರ್ಷಗಳ ಕಾಲ ರಾಮನ್ ಮತ್ತು ಅವರ ಶಿಷ್ಯರು ದ್ರವಗಳಲ್ಲಿ ಬೆಳಕು ಚದುರುವ ರೀತಿಯನ್ನು ಪಟ್ಟುಹಿಡಿದು ಅಧ್ಯಯನ ಮಾಡಿದರು. 1923ರಲ್ಲಿ ಕೆ. ಆರ್. ರಾಮನಾಥನ್ ಎಂಬ ಶಿಷ್ಯರು ಚದುರಿದ ಬೆಳಕಿನಲ್ಲಿ ಬಣ್ಣ ಬದಲಾದ ಕ್ಷೀಣ ಅಂಶವೊಂದನ್ನು ಕಂಡರು. ದ್ರವದಲ್ಲಿನ ಕಶ್ಮಲವೇ ಇದಕ್ಕೆ ಕಾರಣವಾಗಿರಬಹುದೆಂದು ಅದನ್ನು ಮತ್ತೆ ಮತ್ತೆ ಶುದ್ಧಗೊಳಿಸಿ ನೋಡಿದರೂ ಆ ಅಂಶ ಮರೆಯಾಗಲಿಲ್ಲ. 1928ರ ಆರಂಭದಲ್ಲಿ ಕೆ. ಎಸ್. ಕೃಷ್ಣನ್ ಅವರೊಡನೆ ರಾಮನ್ ಈ ಸಮಸ್ಯೆಯನ್ನು ನೇರವಾಗಿ ಕೈಗೆತ್ತಿಕೊಂಡರು.

ಅವರ ಉಪಕರಣಗಳು ಅತ್ಯಂತ ಸರಳವಾಗಿದ್ದವು. ದೂರದರ್ಶಕದ ಮಸೂರದಿಂದ ಸೂರ್ಯನ ಬೆಳಕನ್ನು ಒಟ್ಟುಗೂಡಿಸಿ ನೇರಿಳೆ ಬಣ್ಣದ ಸೋಸುಗದ ಮೂಲಕ ಹಾಯಿಸಿದರು. ಆ ನೇರಿಳೆ ಬೆಳಕು ಗಾಜಿನ ಬುರುಡೆಯಲ್ಲಿದ್ದ ಶುದ್ಧ ದ್ರವವನ್ನು ಪ್ರವೇಶಿಸಿತು. ಪಕ್ಕಕ್ಕೆ ಚದುರಿದ ಬೆಳಕಿನ ದಾರಿಯಲ್ಲಿ ನೇರಿಳೆಯನ್ನು ಪೂರ್ತಿಯಾಗಿ ತಡೆಯುವ ಇನ್ನೊಂದು ಸೋಸುಗವನ್ನು ಇಟ್ಟರು. ಬೆಳಕಿನ ಬಣ್ಣ ಬದಲಾಗಿಲ್ಲವಾದರೆ ಈಗ ಕತ್ತಲೆಯೇ ಕಾಣಬೇಕಿತ್ತು. ಆದರೆ ಕ್ಷೀಣವಾದ ಬೆಳಕು ಕಂಡಿತು. 1928ರ ಫೆಬ್ರವರಿ 28ರಂದು ಸಣ್ಣ ವರ್ಣಪಟಲದರ್ಶಕದಿಂದ ನೋಡಿದಾಗ ಆ ಬೆಳಕು ಮೂಲ ಬೆಳಕಿನಿಂದ ಬೇರೆಯಾಗಿ ನಿಂತಿರುವುದು ಸ್ಪಷ್ಟವಾಯಿತು. ಇದಕ್ಕೆಲ್ಲ ಬಳಸಿದ ಸಲಕರಣೆಗಳ ಬೆಲೆ ಕೆಲವೇ ನೂರು ರೂಪಾಯಿಗಳು.

ಈ ವಿದ್ಯಮಾನದ ಅರ್ಥವೇನು? ಬೆಳಕು ಶಕ್ತಿಯ ಸಣ್ಣ ಸಣ್ಣ ಕಣಗಳಾಗಿ ಸಾಗುತ್ತದೆ. ಇಂತಹ ಒಂದು ಕಣ ಅಣುವಿಗೆ ತಾಗಿದಾಗ ಸಾಮಾನ್ಯವಾಗಿ ತನ್ನ ಶಕ್ತಿಯನ್ನು ಹಾಗೆಯೇ ಉಳಿಸಿಕೊಂಡು ಬೇರೊಂದು ದಿಕ್ಕಿಗೆ ಹೊರಳುತ್ತದೆ. ಬಹು ಅಪರೂಪವಾಗಿ, ಸುಮಾರು ಕೋಟಿಗೊಂದರಂತೆ, ಆ ಕಣವು ಶಕ್ತಿಯ ಸ್ವಲ್ಪ ಭಾಗವನ್ನು ಅಣುವಿಗೆ ಸುಂಕ ತೆತ್ತಂತೆ ತೆತ್ತು ಮುಂದುವರಿಯುತ್ತದೆ. ಶಕ್ತಿ ಕುಗ್ಗಿದ ಬೆಳಕಿನ ಬಣ್ಣ ಕೆಂಪಿನ ಕಡೆಗೆ ವಾಲುತ್ತದೆ. ಪ್ರತಿಯೊಂದು ಬಗೆಯ ಅಣುವೂ ಪಡೆಯುವ ಸುಂಕ ಗೊತ್ತಾದ ಪ್ರಮಾಣದಲ್ಲಿಯೇ ಇರುವುದರಿಂದ, ಹೊರಬಂದ ಬೆಳಕನ್ನು ಪರೀಕ್ಷಿಸಿ ಅದು ಯಾವ ಅಣುವನ್ನು ಹಾದು ಬಂದಿದೆಯೆಂದು ಹೇಳಬಹುದು. ಇದೇ ರಾಮನ್ ಪರಿಣಾಮ. 1960ರಲ್ಲಿ ಲೇಸರ್ ಕಿರಣ ಬಂದ ಮೇಲೆ ಇದರ ಬಳಕೆ ಬಹಳ ಹೆಚ್ಚಿತು. ಔಷಧಿಗಳ ಶುದ್ಧತೆಯನ್ನೂ ರತ್ನಗಳ ನೈಜತೆಯನ್ನೂ ಅವುಗಳಿಗೆ ಹಾನಿಯಾಗದಂತೆ ಇದರಿಂದ ಪರೀಕ್ಷಿಸುತ್ತಾರೆ.

ಹೊಸ ಶೋಧವನ್ನು ವಿಜ್ಞಾನಿಗಳ ಸಭೆಯಲ್ಲಿ ವಿಸ್ತಾರವಾಗಿ ವಿವರಿಸಲು ರಾಮನ್ ಆರಿಸಿಕೊಂಡ ಸ್ಥಳ ಬೆಂಗಳೂರು ಎಂಬುದು ಕನ್ನಡಿಗರಿಗೆ ಹೆಮ್ಮೆಯ ವಿಷಯ. 1928ರ ಮಾರ್ಚ್ 16ರಂದು ಸೆಂಟ್ರಲ್ ಕಾಲೇಜಿನಲ್ಲಿ ಅವರು ಆ ಐತಿಹಾಸಿಕ ಉಪನ್ಯಾಸವನ್ನು ನೀಡಿದರು. ಅದೇ ದಿನಗಳಲ್ಲಿ ಮಾಸ್ಕೋ ನಗರದ ಇಬ್ಬರು ವಿಜ್ಞಾನಿಗಳು, ಲಾಂಡ್ಸ್‌ಬರ್ಗ್ ಮತ್ತು ಮಾಂಡೆಲ್‌ಸ್ಟಾಮ್, ಸ್ಫಟಿಕಗಳಲ್ಲಿ ಇದೇ ವಿದ್ಯಮಾನವನ್ನು ಕಂಡಿದ್ದರು. ರಾಮನ್ ತಮ್ಮ ಫಲಿತಾಂಶಗಳನ್ನು ತಡಮಾಡದೆ ಪ್ರಕಟಿಸಿದುದರಿಂದ ಕೀರ್ತಿ ಅವರಿಗೆ ಸಂದಿತು. 1930ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ವಿಜ್ಞಾನ ಕ್ಷೇತ್ರದಲ್ಲಿ ಈ ಗೌರವ ಪಡೆದ ಏಷ್ಯದ ಮೊದಲಿಗರು ಅವರೇ.

1933ರಲ್ಲಿ ರಾಮನ್ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ನಿರ್ದೇಶಕರಾಗಿ ಬಂದರು. ಆ ಸ್ಥಾನಕ್ಕೇರಿದ ಮೊದಲ ಭಾರತೀಯರು ಅವರು. ಅಲ್ಲಿ ಭೌತವಿಜ್ಞಾನ ವಿಭಾಗವನ್ನು ತೆರೆದರು. ಸೂಕ್ಷ್ಮವಾದ ಉಪಕರಣಗಳನ್ನು ಇಲ್ಲಿಯೇ ತಯಾರಿಸಲೆಂದು ಕಾರ್ಯಾಗಾರವನ್ನು ಬೆಳೆಸಿದರು. ಮರುವರ್ಷ ಭಾರತೀಯ ವಿಜ್ಞಾನ ಅಕಾಡೆಮಿಯನ್ನು ಸ್ಥಾಪಿಸಿದರು. ಆದರೆ ಆಡಳಿತದಲ್ಲಿ ಭಿನ್ನಾಭಿಪ್ರಾಯಗಳು ತಲೆದೋರಿದವು. ರಾಮನ್ ಅವರದು ಹಿಡಿದುದನ್ನು ಬಿಡದ ಸ್ವಭಾವ. ಮಾತು ಕೆಲವೊಮ್ಮೆ ಕಟುವಾಗುತ್ತಿತ್ತು. 1937ರಲ್ಲಿ ಅವರು ನಿರ್ದೇಶಕ ಪದವಿಯನ್ನು ತ್ಯಜಿಸಿ ಪ್ರಾಧ್ಯಾಪಕರಾಗಿ ಮಾತ್ರ ಉಳಿದರು.

ಅವರ ಎಲ್ಲ ನಿಲುವುಗಳೂ ಸರಿಯಾಗಿದ್ದವೆಂದು ಹೇಳಲಾಗದು. 1933ರಲ್ಲಿ ಮುಂಬಯಿಯ ಕಮಲಾ ಭಾಗವತ್ ಎಂಬ ತರುಣಿ ಸಂಶೋಧನೆಗೆ ಪ್ರವೇಶ ಕೋರಿದಾಗ, ಹೆಣ್ಣೆಂಬ ಕಾರಣಕ್ಕೆ ರಾಮನ್ ನಿರಾಕರಿಸಿದರು. ಆಕೆ ಧೃತಿಗೆಡದೆ ತನ್ನ ಹಕ್ಕನ್ನು ಒತ್ತಿಹೇಳಿದರು. ಒಂದು ವರ್ಷ ಪರೀಕ್ಷಾರ್ಥವಾಗಿ ಪ್ರವೇಶ ದೊರೆಯಿತು. ಆಕೆಯ ಕೆಲಸವನ್ನು ಕಂಡ ಮೇಲೆ ರಾಮನ್ ತಮ್ಮ ಅಭಿಪ್ರಾಯವನ್ನು ಬದಲಿಸಿಕೊಂಡರು. ಕಮಲಾ ಸೊಹೊನಿ ಎಂಬ ಹೆಸರಿನಿಂದ ಆಕೆ ಮುಂದೆ ಖ್ಯಾತ ಜೀವರಸಾಯನ ವಿಜ್ಞಾನಿಯಾದರು. 1940ರಲ್ಲಿ ಅಣ್ಣಾ ಮಣಿ ಎಂಬ ಮತ್ತೊಬ್ಬ ತರುಣಿ ರಾಮನ್ ಅವರ ಪ್ರಯೋಗಶಾಲೆಯಲ್ಲಿಯೇ ವಜ್ರ ಮಾಣಿಕ್ಯಗಳು ಹೊರಸೂಸುವ ಬೆಳಕನ್ನು ಅಭ್ಯಸಿಸಿದರು. ಹವಾಮಾನವನ್ನು ಅಳೆಯುವ ಉಪಕರಣಗಳು ಭಾರತದಲ್ಲಿಯೇ ತಯಾರಾಗುವಂತೆ ಮಾಡಿದ ಕೀರ್ತಿ ಅವರದು.

1948ರಲ್ಲಿ ವಿಜ್ಞಾನ ಮಂದಿರದಿಂದ ನಿವೃತ್ತರಾದ ರಾಮನ್ ವಿಶ್ರಾಂತಿಯನ್ನು ಬಯಸಲಿಲ್ಲ. ಮೈಸೂರು ಸಂಸ್ಥಾನವು 1934ರಲ್ಲಿ ಅಕಾಡೆಮಿಗೆ ನೀಡಿದ್ದ ನಿವೇಶನದಲ್ಲಿ, ಸಾರ್ವಜನಿಕರಿಂದ ಹಣ ಕೂಡಿಸಿ, ತಮ್ಮ ಸ್ವಂತ ಗಳಿಕೆಯನ್ನೂ ಸೇರಿಸಿ ಸಂಶೋಧನಾ ಸಂಸ್ಥೆಯೊಂದನ್ನು ಕಟ್ಟಿಸಿದರು. ಆರಂಭದಲ್ಲಿ ಆ ಕಟ್ಟಡಕ್ಕೆ ವಿದ್ಯುತ್ ಸಂಪರ್ಕವಿರಲಿಲ್ಲ. ಅರುವತ್ತು ದಾಟಿದ ನೊಬೆಲ್ ವಿಜೇತರು ಅದಕ್ಕಾಗಿ ಕಾಯುತ್ತ ಕೂರಲಿಲ್ಲ. ಕನ್ನಡಿಯಿಂದ ಸೂರ್ಯನ ಕಿರಣವನ್ನು ಕತ್ತಲೆಯ ಕೋಣೆಯೊಳಕ್ಕೆ ತಿರುಗಿಸಿ, ಕೆಲವು ಮಸೂರಗಳ ನೆರವಿನಿಂದ ಪ್ರಯೋಗಗಳನ್ನು ಆರಂಭಿಸಿದರು. ಬೌಬಜಾರಿನಲ್ಲಿ ನೆರವಾಗಿದ್ದ ಸೂರ್ಯನೇ ಬೆಂಗಳೂರಿನಲ್ಲಿಯೂ ಅವರ ದೀಪವಾದನು. 1954ರಲ್ಲಿ ಭಾರತ ಸರ್ಕಾರ ಅವರಿಗೆ ಭಾರತರತ್ನ ಪ್ರಶಸ್ತಿಯನ್ನು ನೀಡಿತು.

ವೃದ್ಧಾಪ್ಯದಲ್ಲಿಯೂ ಅವರ ಕುತೂಹಲ ಬತ್ತಲಿಲ್ಲ. ಸೋಪಿನ ಗುಳ್ಳೆಯ ಮೇಲೆ ಹರಿದಾಡುವ ಬಣ್ಣಗಳು, ಚಿಪ್ಪಿನ ಹೊಳಪು, ಹಕ್ಕಿಯ ಗರಿ, ತೋಟದ ಗುಲಾಬಿ ಎಲ್ಲವೂ ಅವರಿಗೆ ಪ್ರಶ್ನೆಗಳಾಗಿದ್ದವು. ಹೂವಿನ ದಳಗಳ ಬಣ್ಣವನ್ನು ಸಣ್ಣ ವರ್ಣಪಟಲದರ್ಶಕದಿಂದ ಪರೀಕ್ಷಿಸುತ್ತ ಮನುಷ್ಯನ ಕಣ್ಣು ಬಣ್ಣವನ್ನು ಅರಿಯುವ ಬಗೆಯನ್ನು ಕುರಿತು ಆಲೋಚಿಸಿ 1968ರಲ್ಲಿ ಒಂದು ಗ್ರಂಥವನ್ನೇ ಪ್ರಕಟಿಸಿದರು. ಈ ವಿಷಯದಲ್ಲಿ ಅವರು ಮಂಡಿಸಿದ ಸಿದ್ಧಾಂತವನ್ನು ಇತರ ವಿಜ್ಞಾನಿಗಳು ಒಪ್ಪಲಿಲ್ಲ. ಆದರೆ ಅವರು ಅದರಲ್ಲಿ ಕಂಡ ಆನಂದವನ್ನು ಯಾರೂ ಕಸಿಯಲಾಗಲಿಲ್ಲ. ಶಾಲಾ ಮಕ್ಕಳು ಸಂಸ್ಥೆಗೆ ಬಂದರೆ ಅವರಿಗೆ ಎಲ್ಲಿಲ್ಲದ ಉತ್ಸಾಹ. ತಾವು ಸಂಗ್ರಹಿಸಿದ್ದ ಹರಳುಗಳನ್ನು ಕತ್ತಲೆಯ ಕೋಣೆಯಲ್ಲಿಟ್ಟು ಅತಿನೇರಿಳೆ ಕಿರಣ ಬೀರಿದಾಗ, ಬಣ್ಣವಿಲ್ಲದ ಕಲ್ಲುಗಳು ಹಸಿರಾಗಿ, ಕೆಂಪಾಗಿ ಬೆಳಗುವುದನ್ನು ತೋರಿಸುತ್ತಿದ್ದರು.

ಪ್ರತಿವರ್ಷ ಗಾಂಧೀಜಯಂತಿಯಂದು ಸಾರ್ವಜನಿಕ ಉಪನ್ಯಾಸ ನೀಡುವ ಪದ್ಧತಿಯನ್ನು ಅವರು 1970ರ ಅಕ್ಟೋಬರಿನಲ್ಲಿಯೂ ತಪ್ಪಿಸಲಿಲ್ಲ. ಅದೇ ಕೊನೆಯದಾಯಿತು. ಕೆಲವೇ ವಾರಗಳಲ್ಲಿ, 1970ರ ನವೆಂಬರ್ 21ರಂದು ಅವರು ಕಣ್ಮುಚ್ಚಿದರು. ಅವರ ಸಂಸ್ಥೆಯ ಆವರಣದಲ್ಲಿಯೇ ಅಂತ್ಯಸಂಸ್ಕಾರ ನಡೆಯಿತು. ಅಲ್ಲಿ ಗೋರಿಯಿಲ್ಲ, ಪ್ರತಿಮೆಯಿಲ್ಲ. ನೆನಪಿಗಾಗಿ ಒಂದು ಮರವನ್ನು ನೆಡಲಾಯಿತು.

ರಾಮನ್ ತಮ್ಮ ಸಂಸ್ಥೆಯನ್ನು ಕಟ್ಟುತ್ತಿದ್ದ ಕಾಲದಲ್ಲಿಯೇ ಬೆಂಗಳೂರು ವಿದ್ಯುನ್ಮಾನದ ಊರಾಗಿ ಬೆಳೆಯತೊಡಗಿತ್ತು. 1948ರಲ್ಲಿ ನಗರದ ಪೂರ್ವಕ್ಕೆ, ಕೃಷ್ಣರಾಜಪುರದ ಬಳಿ, ಭಾರತೀಯ ದೂರವಾಣಿ ಕಾರ್ಖಾನೆ ಆರಂಭವಾಯಿತು. ಅದರ ಸುತ್ತ ಬೆಳೆದ ಬಡಾವಣೆಗೆ ದೂರವಾಣಿನಗರವೆಂಬ ಹೆಸರೇ ಬಂದಿತು. 1954ರಲ್ಲಿ ಜಾಲಹಳ್ಳಿಯ ಭಾರತ್ ಇಲೆಕ್ಟ್ರಾನಿಕ್ಸ್ ತಲೆಯೆತ್ತಿತು. ಕಾರ್ಖಾನೆಗಳು ದೊಡ್ಡವಾದರೂ ಅವುಗಳ ಹಿಂದಿರುವ ತತ್ತ್ವಗಳನ್ನು ಮನೆಯ ಮೇಜಿನ ಮೇಲೆಯೇ ಅರಿಯಬಹುದು. ರಟ್ಟಿನ ಕೊಳವೆಗೆ ಸುತ್ತಿದ ತಾಮ್ರದ ತಂತಿ, ಮರದಿಂದ ಗೋಡೆಗೆ ಕಟ್ಟಿದ ಉದ್ದನೆಯ ಆಂಟೆನಾ, ಗೆಲೀನ ಎಂಬ ಸೀಸದ ಅದಿರಿನ ಹರಳು, ಕಿವಿಗಿಡುವ ಶ್ರವಣಯಂತ್ರ ಇಷ್ಟರಿಂದಲೇ ಹಿಂದಿನ ಕಾಲದ ಹವ್ಯಾಸಿಗಳು ರೇಡಿಯೋ ಕಟ್ಟಿಕೊಳ್ಳುತ್ತಿದ್ದರು. ಬ್ಯಾಟರಿಯೂ ಬೇಕಿರಲಿಲ್ಲ. ಆಂಟೆನಾ ಹಿಡಿದ ಅಲೆಗಳಲ್ಲಿ ಬೇಕಾದುದನ್ನು ತಂತಿಯ ಸುರುಳಿ ಆಯ್ದುಕೊಡುತ್ತಿತ್ತು. ಹರಳು ವಿದ್ಯುತ್ತನ್ನು ಒಂದೇ ದಿಕ್ಕಿಗೆ ಹರಿಯಗೊಟ್ಟು ಅಲೆಯೊಳಗಿನ ಧ್ವನಿಯನ್ನು ಬಿಡಿಸುತ್ತಿತ್ತು. ಇಂತಹ ಹರಳಿನ ಗುಣವನ್ನು ಮೊದಲು ಬಳಕೆಗೆ ತಂದವರಲ್ಲಿ ಕಲ್ಕತ್ತೆಯ ಜಗದೀಶಚಂದ್ರ ಬೋಸರು ಪ್ರಮುಖರು. ಅವರೂ ಉಪಕರಣಗಳನ್ನು ತಾವೇ ಮಾಡಿಕೊಂಡವರು.

ತಂದೆಯ ಸಂಸ್ಥೆಗೆ 1972ರಲ್ಲಿ ನಿರ್ದೇಶಕರಾದ ವಿ. ರಾಧಾಕೃಷ್ಣನ್ ಅವರು ಈ ಸಂಪ್ರದಾಯವನ್ನು ಇನ್ನೊಂದು ದಿಕ್ಕಿನಲ್ಲಿ ಮುಂದುವರಿಸಿದರು. ಆಕಾಶಕಾಯಗಳಿಂದ ಬರುವ ರೇಡಿಯೋ ಅಲೆಗಳನ್ನು ಹಿಡಿಯಲು ಗೌರಿಬಿದನೂರಿನ ಬಯಲಿನಲ್ಲಿ ಸಾವಿರ ಆಂಟೆನಾಗಳ ಸಾಲು ನಿಂತಿತು. ಸಂಸ್ಥೆಯ ಆವರಣದಲ್ಲಿಯೇ 10.4 ಮೀಟರ್ ವ್ಯಾಸದ ದೂರದರ್ಶಕವೊಂದು ಸ್ವಂತ ಕಾರ್ಯಾಗಾರದ ಕೈಗಳಿಂದ ರೂಪುಗೊಂಡಿತು.

ರಾಮನ್ ಪರಿಣಾಮವನ್ನು ಕಂಡುಹಿಡಿದ ಫೆಬ್ರವರಿ 28ನ್ನು 1987ರಿಂದ ರಾಷ್ಟ್ರೀಯ ವಿಜ್ಞಾನ ದಿನವಾಗಿ ಆಚರಿಸಲಾಗುತ್ತಿದೆ. ಅಂದು ಭಾಷಣಗಳು ನಡೆಯುತ್ತವೆ, ಭಾವಚಿತ್ರಕ್ಕೆ ಹೂಮಾಲೆ ಬೀಳುತ್ತದೆ. ಅದರ ಜೊತೆಗೆ ಒಬ್ಬ ವಿದ್ಯಾರ್ಥಿಯಾದರೂ ಮೃದಂಗದ ಮೇಲೆ ಮರಳು ಉದುರಿಸಿ ನೋಡಿದರೆ, ಒಬ್ಬ ವಿದ್ಯಾರ್ಥಿನಿಯಾದರೂ ಅಯಸ್ಕಾಂತದ ನಡುವೆ ತಂತಿಯ ಸುರುಳಿಯನ್ನು ತಿರುಗಿಸಿ ಪುಟ್ಟ ದೀಪವನ್ನು ಹೊತ್ತಿಸಿದರೆ ಆ ದಿನ ಸಾರ್ಥಕವಾಗುತ್ತದೆ. ಮೊದಲ ಸಲ ದೀಪ ಹತ್ತದೆ ಇರಬಹುದು. ಏಕೆ ಹತ್ತಲಿಲ್ಲವೆಂದು ಸುರುಳಿಯನ್ನು ಬಿಚ್ಚಿ ಮತ್ತೆ ಸುತ್ತುವವರಿಗೆ ರಾಮನ್ ಅವರ ಜೀವನದ ಅರ್ಥ ತಾನಾಗಿಯೇ ತಿಳಿಯುತ್ತದೆ.